ಘಟ್ಟದ ಮೇಲಿನವರು ಸ್ನಾರ್ಕೆಲಿಂಗ್‌ಗೆ ಎಲ್ಲಿಗೆ ಹೋಗಬೇಕು? ನೇತ್ರಾಣಿ, ಮಾಲ್ವಣ, ಲಕ್ಷದ್ವೀಪ, ಅಂಡಮಾನ್

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರ ಊರಿನ ಕಡೆ ಅಡಿಕೆ ಕೊಯ್ಲು ಮುಗಿಯುತ್ತಾ ಬಂದ ಹಾಗೆ ಒಂದು ಮಾತು ಶುರುವಾಗುತ್ತದೆ. "ಈ ಸಲ ಎಲ್ಲಾದರೂ ಹೋಗಲೇಬೇಕು." ಮೊದಲೆಲ್ಲ ಅದು ತಿರುಪತಿ, ಕಾಶಿ ಅಂತಿತ್ತು. ಈಗ ಮಕ್ಕಳು ಮೊಬೈಲ್ ಹಿಡಿದುಕೊಂಡು ಬಂದು, ನೀಲಿ ನೀರಿನಲ್ಲಿ ಬಣ್ಣದ ಮೀನುಗಳು ಸುಳಿದಾಡುವ ವಿಡಿಯೊ ತೋರಿಸುತ್ತಾರೆ. ನೇತ್ರಾಣಿಯೋ ಅಂಡಮಾನೋ ಅನ್ನುವ ವಾದ ಊಟಕ್ಕೆ ಕೂತಲ್ಲೇ ನಡೆಯುತ್ತದೆ. ಈ ಜಾಗಗಳಿಗೆಲ್ಲ ನಾನು ಒಂದೊಂದು ವರ್ಷ ಹೋಗಿ ಬಂದಿದ್ದೇನೆ. ಹಾಗಾಗಿ ಕಡೆಗೆ ಫೋನು ನನಗೇ ಬರುತ್ತದೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಈಗ ಬರೆದಿಟ್ಟಿದ್ದೇನೆ.

ಯಾವುದು ಚೆಂದ ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು, ನಿಮಗೆ ಬಿಡುವು ಯಾವ ತಿಂಗಳು ಅಂತ. ಆಮೇಲೆ, ಜೊತೆಗೆ ಯಾರ್‍ಯಾರು ಬರುತ್ತಾರೆ ಅಂತ. ದುಡ್ಡಿನ ಮಾತು ಮೂರನೆಯದು. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಕಮ್ಮಿ ದುಡ್ಡಿನ ಪ್ಯಾಕೇಜ್ ಹುಡುಕಿ, ದಸರಾ ರಜೆಗೆ ಬುಕ್ ಮಾಡಿ, ನೀರು ಕಂಡರೆ ಹೆದರುವ ಅಪ್ಪಯ್ಯನನ್ನೂ ಹೊರಡಿಸಿಕೊಂಡು ಹೋಗುತ್ತಾರೆ. ಬಂದ ಮೇಲೆ "ಏನೂ ಕಾಣಲಿಲ್ಲ ಮಾರಾಯ" ಎನ್ನುತ್ತಾರೆ.

ಮೊದಲು ಸ್ನಾರ್ಕೆಲಿಂಗೋ ಸ್ಕೂಬಾನೋ ತಿಳಿದುಕೊಳ್ಳಿ

ಸ್ನಾರ್ಕೆಲಿಂಗ್ ಅಂದರೆ ನೀರಿನ ಮೇಲೆ ಬೋರಲಾಗಿ ತೇಲುವುದು. ಕಣ್ಣು ಮೂಗು ಮುಚ್ಚುವ ಮಾಸ್ಕ್, ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ, ಮೈಮೇಲೆ ಲೈಫ್ ಜಾಕೆಟ್, ಬೇಕಾದರೆ ಕಾಲಿಗೆ ಫಿನ್. ಮುಖ ನೀರೊಳಗೆ, ಬೆನ್ನು ಬಿಸಿಲಿಗೆ. ಸ್ಕೂಬಾದಲ್ಲಿ ಗಾಳಿಯ ಸಿಲಿಂಡರ್ ಹೊತ್ತು ಕೆಳಗೆ ಇಳಿಯುತ್ತೀರಿ. ತರಬೇತಿ ಇಲ್ಲದವರನ್ನು ಇನ್‌ಸ್ಟ್ರಕ್ಟರ್ ಕೈಹಿಡಿದೇ ಇಳಿಸುತ್ತಾರೆ. ಇದಕ್ಕೆ ಮಕ್ಕಳಿಗೆ ಕನಿಷ್ಠ 10 ವರ್ಷ ಆಗಿರಬೇಕು. ಸ್ನಾರ್ಕೆಲಿಂಗ್‌ಗೆ ಅದಕ್ಕಿಂತ ಚಿಕ್ಕವರೂ ಇಳಿಯಬಹುದು, ಆದರೆ ಮಗುವಿಗೆ ಮಾಸ್ಕ್ ಸರಿಯಾಗಿ ಕೂರಬೇಕು.

ಇದನ್ನು ಯಾಕೆ ಹೇಳಿದೆ ಅಂದರೆ, ಜಾಗ ಆರಿಸುವುದು ಇದರ ಮೇಲೆ ನಿಂತಿದೆ. ಮೇಲೆ ತೇಲುವವನಿಗೆ ಹವಳ ಎರಡು ಮೂರು ಮೀಟರ್ ಆಳದಲ್ಲಿ ಇರಬೇಕು. ಹತ್ತು ಹನ್ನೆರಡು ಮೀಟರ್ ಕೆಳಗಿದ್ದರೆ, ನೀರು ಎಷ್ಟೇ ತಿಳಿಯಾಗಿದ್ದರೂ ಬಾವಿಗೆ ಇಣುಕಿದ ಹಾಗೆ. ಲಕ್ಷದ್ವೀಪ ಮತ್ತು ಅಂಡಮಾನ್ ಮೇಲೆ ತೇಲುವವರಿಗೆ ಹೇಳಿಮಾಡಿಸಿದ ಜಾಗಗಳು. ನೇತ್ರಾಣಿಯ ಅರ್ಧ ಸೊಬಗು ಕೆಳಗೆ ಇಳಿದವರಿಗೆ ಮಾತ್ರ.

ನೀರು ಕದಡಿಸುವುದು ನಮ್ಮ ಮಳೆಯೇ

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಹೊನ್ನಾವರದಿಂದ, ನೇತ್ರಾಣಿಯ ಬೋಟು ಹೊರಡುವ ಮುರುಡೇಶ್ವರಕ್ಕೆ ಮೂವತ್ತು ಕಿಲೋಮೀಟರೂ ಇಲ್ಲ. ಮಳೆಗಾಲದಲ್ಲಿ ನಮ್ಮ ಗದ್ದೆ, ತೋಟ, ಧರೆ ಕುಸಿದ ಮಣ್ಣು ಎಲ್ಲ ಕೆನ್ನೀರಾಗಿ ಹೋಗುವುದು ಅಲ್ಲಿಗೇ. ಕರಾವಳಿಯ ಉದ್ದಕ್ಕೂ ಹತ್ತಾರು ಹೊಳೆಗಳದ್ದು ಇದೇ ಕತೆ. ಅದರ ಜೊತೆಗೆ ಮಳೆಗಾಲದ ಅಲೆ ಕಡಲ ತಳವನ್ನೇ ಕಡೆದಿರುತ್ತದೆ. ಮಳೆ ನಿಂತ ಮರುದಿನ ಈ ರಾಡಿ ತಿಳಿಯಾಗುವುದಿಲ್ಲ. ವಾರಗಟ್ಟಲೆ ಬೇಕು.

ನಾನು ಮೊದಲ ಸಲ ನೇತ್ರಾಣಿಗೆ ಹೋಗಿದ್ದು ಅಕ್ಟೋಬರ್ ಮೊದಲ ವಾರ, ಮಕ್ಕಳಿಗೆ ದಸರಾ ರಜೆ ಅಂತ. ಫೋನಿನಲ್ಲಿ ಕೇಳಿದಾಗ "ಸೂಪರ್ ಇದೆ ಸಾರ್, ಬನ್ನಿ" ಎಂದರು. ಯಾರು ಅಂತ ಹೇಳುವುದಿಲ್ಲ, ಈಗ ಹೇಳಿ ಪ್ರಯೋಜನವೂ ಇಲ್ಲ. ಹೋಗಿ ನೀರಿಗೆ ಇಳಿದರೆ ನನ್ನ ಕೈ ಚಾಚಿದರೆ ಬೆರಳು ಮಸುಕು. ಮಗಳು ಮೇಲೆ ಬಂದು ಕೇಳಿದಳು, "ಅಪ್ಪ, ಇದು ನಮ್ಮ ಹೊಳೆ ತರಾನೇ ಇದೆಯಲ್ಲ?" ಅವಳು ಹೇಳಿದ್ದು ಒಂದು ಲೆಕ್ಕಕ್ಕೆ ನಿಜವೇ ಆಗಿತ್ತು. ಅದೇ ಜಾಗಕ್ಕೆ ಎರಡು ವರ್ಷ ಬಿಟ್ಟು ಫೆಬ್ರುವರಿಯಲ್ಲಿ ಹೋದೆವು. ಬೋಟಿನ ಮೇಲಿಂದಲೇ ಕೆಳಗಿನ ಬಂಡೆ ಕಾಣುತ್ತಿತ್ತು.

ಪಶ್ಚಿಮ ಕರಾವಳಿಯ ಲೆಕ್ಕ ಹೀಗೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕಿದ ಹಾಗೆ. ಯಾಂತ್ರಿಕ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ, ಇನ್ನು ಪ್ರವಾಸದ ಬೋಟು ಎಲ್ಲಿಯ ಮಾತು. ಅಕ್ಟೋಬರ್, ನವೆಂಬರ್ ಅದೃಷ್ಟದ ಆಟ. ಡಿಸೆಂಬರ್‌ನಿಂದ ಮಾರ್ಚ್ ಚಿನ್ನದಂಥ ಕಾಲ. ಏಪ್ರಿಲ್ ಪರವಾಗಿಲ್ಲ. ಮೇ ಅರ್ಧ ದಾಟಿದರೆ ಗಾಳಿ ಏಳುತ್ತದೆ, ನಾನಾದರೆ ಹೋಗುವುದಿಲ್ಲ.

ತಮಾಷೆ ಏನೆಂದರೆ ಆ ಚಿನ್ನದ ಕಾಲದಲ್ಲೇ ನಮಗೆ ಅಡಿಕೆ ಕೊನೆ ಇಳಿಸೋದು, ಸುಲಿಯೋದು, ಬೇಯಿಸೋದು, ಅಂಗಳದಲ್ಲಿ ಒಣಗಿಸೋದು. ಮನೆ ಬಿಟ್ಟು ಕದಲುವ ಹಾಗಿಲ್ಲ. ಹಾಗಾಗಿ ತೋಟದವರಿಗೆ ನಾನು ಹೇಳುವುದು ಮಾರ್ಚ್ ತಿಂಗಳು. ಮಕ್ಕಳ ಪರೀಕ್ಷೆ ಅಡ್ಡ ಬಂದರೆ ಏಪ್ರಿಲ್ ಎರಡನೇ ವಾರ. ಶಿವಮೊಗ್ಗದಲ್ಲಿ ನೌಕರಿ ಮಾಡುವವರು ಜನವರಿಯಲ್ಲಿ ಒಂದು ಶನಿವಾರ ಭಾನುವಾರ ಹೊಂದಿಸಿಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನೊಂದು ಲೆಕ್ಕ ಗೋಡೆಯ ಕ್ಯಾಲೆಂಡರ್‌ನಲ್ಲೇ ಇದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ ಇಳಿತ ಜೋರು. ನೀರಿನ ಸೆಳೆತವೂ ಜಾಸ್ತಿ, ಕದಡುವುದೂ ಜಾಸ್ತಿ. ಅಷ್ಟಮಿ, ನವಮಿಯ ಹೊತ್ತಿಗೆ ಕಡಲು ಸ್ವಲ್ಪ ಸಾಧು. ತಿಥಿ ನೋಡಿ ಪ್ರವಾಸ ಹೊರಡುವುದಕ್ಕೆ ನಮ್ಮ ಅಮ್ಮ ಬೇರೆ ಕಾರಣ ಹೇಳುತ್ತಾರೆ, ಅದು ಬೇರೆ ವಿಷಯ.

ನೇತ್ರಾಣಿ: ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬರಬಹುದು

ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರದಲ್ಲಿ ಕಡಲಿನ ನಡುವೆ ಇರುವ ಕಲ್ಲಿನ ದ್ವೀಪ. ಪಾರಿವಾಳ ದ್ವೀಪ ಎಂದೂ ಕರೆಯುತ್ತಾರೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ ಎಂದು ಫೋಟೊ ಹಾಕುತ್ತಾರಲ್ಲ, ಅದೇ. ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ದ್ವೀಪವೂ ಹೌದು. ದಂಡೆ ಎಂಬುದಿಲ್ಲ, ಸುತ್ತ ಕಡಿದಾದ ಬಂಡೆ. ನೀವು ದ್ವೀಪದ ಮೇಲೆ ಕಾಲಿಡುವುದಿಲ್ಲ. ಬೋಟು ಪಕ್ಕದಲ್ಲಿ ಲಂಗರು ಹಾಕುತ್ತದೆ, ಅಲ್ಲೇ ನೀರಿಗೆ ಇಳಿಯುವುದು.

ಶಿವಮೊಗ್ಗದಿಂದ ಹೋಗಲು ಎರಡು ದಾರಿ. ಸಾಗರ, ಜೋಗ, ಹೊನ್ನಾವರದ ಮೇಲೆ ಒಂದು. ಹೊಸನಗರ, ನಗರ, ಕೊಲ್ಲೂರು, ಬೈಂದೂರು, ಭಟ್ಕಳದ ಮೇಲೆ ಇನ್ನೊಂದು. ಯಾವುದರಲ್ಲಿ ಹೋದರೂ ನಾಲ್ಕೂವರೆ ಐದು ಗಂಟೆ ಹಿಡಿಯುತ್ತದೆ. ಬೋಟು ಬೆಳಿಗ್ಗೆಯೇ ಹೊರಡುವುದರಿಂದ ಹಿಂದಿನ ರಾತ್ರಿ ಮುರುಡೇಶ್ವರದಲ್ಲಿ ಉಳಿಯಿರಿ. ಬೆಳಗಿನ ಜಾವ ಎರಡಕ್ಕೆ ಮನೆ ಬಿಟ್ಟು, ಘಾಟಿಯಲ್ಲಿ ಹೊಟ್ಟೆ ತೊಳಸಿಕೊಂಡು, ಆಮೇಲೆ ಬೋಟು ಹತ್ತುವವರ ಪಾಡು ನಾನು ನೋಡಿದ್ದೇನೆ. ದ್ವೀಪ ಮುಟ್ಟಲು ಗಂಟೆ, ಒಂದೂವರೆ ಗಂಟೆ ಬೋಟಿನಲ್ಲಿ ಕೂರಬೇಕು. ಅದು ತೆರೆದ ಕಡಲು. ಹೊಳೆಯ ಲಾಂಚಿನ ಹಾಗೆ ಅಲ್ಲ, ತೂಗುತ್ತದೆ.

ಏನು ಕಾಣುತ್ತದೆ? ಹಳದಿ ಕಪ್ಪು ಪಟ್ಟೆಯ ಚಿಟ್ಟೆ ಮೀನು, ಗಿಳಿ ಮೀನು, ಬಂಡೆಯ ಸಂದಿಯಲ್ಲಿ ಬಾಯಿ ತೆರೆದು ಕೂತ ಮೋರೆ ಹಾವುಮೀನು, ಮುರು ಮೀನು, ಅಡಿಯಲ್ಲಿ ತೊರಕೆ, ಸಾಲುಗಟ್ಟಿ ತಿರುಗುವ ಬರಾಕುಡಾ. ಅದೃಷ್ಟ ಇದ್ದರೆ ಕಡಲಾಮೆ. ಬಹಳ ಅದೃಷ್ಟ ಇದ್ದರೆ ತಿಮಿಂಗಿಲ ಶಾರ್ಕ್, ಹೆಸರು ಕೇಳಿ ಹೆದರಬೇಡಿ, ಅದು ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಸಾಧು ಮೀನು. 2001ರಿಂದ ಅದಕ್ಕೆ ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಇದೆ. ನನಗಂತೂ ಅದು ಇನ್ನೂ ಕಂಡಿಲ್ಲ.

ಗಿಳಿ ಮೀನು ಕಂಡರೆ ಸುಮ್ನೆ ಕಿವಿಗೊಡಿ. ಕಟುಕಟು ಎಂದು ಕಲ್ಲು ಅಗಿಯುವ ಸದ್ದು ಕೇಳುತ್ತದೆ. ಬಂಡೆಯ ಮೇಲಿನ ಪಾಚಿ ತಿನ್ನಲು ಹವಳದ ಕಲ್ಲನ್ನೂ ಕೆರೆದು ನುಂಗಿ, ಅದನ್ನು ನುಣ್ಣಗೆ ಮರಳು ಮಾಡಿ ಹಿಂದಿನಿಂದ ಬಿಡುತ್ತದೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಒಳ್ಳೆಯ ಪಾಲು ಇದರ ಸಗಣಿಯೇ. ಫೋಟೊದಲ್ಲಿ ಆ ಮರಳಿನ ಮೇಲೆ ಮಲಗಿದವರಿಗೆ ಇದು ಗೊತ್ತಿರುವುದಿಲ್ಲ.

ಮೋರೆ ಮೀನು ಬಾಯಿ ಕಳೆಯುವುದು ಕಚ್ಚುವುದಕ್ಕಲ್ಲ. ಅದು ಉಸಿರಾಡುವ ರೀತಿ ಹಾಗೆ. ಆದರೂ ಸಂದಿಗೆ ಕೈ ಹಾಕಬೇಡಿ. ಹಾವಿನ ಹುತ್ತಕ್ಕೆ ಹಾಕುತ್ತೀವಾ?

ನೇತ್ರಾಣಿಯಲ್ಲಿ ನನ್ನ ಸಲಹೆ ಸ್ವಲ್ಪ ಬೇರೆ. ಈಜು ಬರುವ, ಧೈರ್ಯ ಇರುವ ವಯಸ್ಸಿನವರು ಇಲ್ಲಿ ಸ್ನಾರ್ಕೆಲಿಂಗ್ ಬಿಟ್ಟು ಸ್ಕೂಬಾಗೇ ದುಡ್ಡು ಹಾಕಲಿ. ಬೋಟಿನ ದಾರಿ ಇಬ್ಬರಿಗೂ ಒಂದೇ, ಕಾಣುವುದು ಮಾತ್ರ ಎಷ್ಟೋ ಪಾಲು ಹೆಚ್ಚು. ಮಕ್ಕಳು, ಐವತ್ತು ದಾಟಿದವರು, ಬಿಪಿ ಆಸ್ತಮಾ ಇರುವವರು ಮೇಲೆ ತೇಲಿದರೆ ಸಾಕು. ಜಾಕೆಟ್ ಹಾಕಿದವರು ಮುಳುಗುವುದಿಲ್ಲ, ಉಪ್ಪುನೀರು ಹೊಳೆ ನೀರಿಗಿಂತ ಚೆನ್ನಾಗಿ ಎತ್ತಿ ಹಿಡಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜಾಕೆಟ್ ಹಾಕಿ ಗೈಡ್ ಪಕ್ಕದಲ್ಲಿ ತೇಲುವುದಕ್ಕಿಂತ, ದಂಡೆಯಲ್ಲಿ ಸುಮ್ನೆ ಮೊಣಕಾಲುದ್ದ ನೀರಿಗೆ ಇಳಿಯುವುದೇ ಜಾಸ್ತಿ ಅಪಾಯ. 2024ರ ಡಿಸೆಂಬರ್‌ನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ಅಲೆಗೆ ಸಿಕ್ಕಿ ತೀರಿಕೊಂಡರು. ತುಂಗೆಯಲ್ಲಿ ಈಜು ಕಲಿತವರು "ನಮಗೆ ನೀರು ಹೊಸದಾ" ಎನ್ನುತ್ತಾರೆ. ಹೊಳೆಯ ಸೆಳೆತ ಒಂದೇ ದಿಕ್ಕಿಗೆ. ಕಡಲು ದಂಡೆಯಿಂದ ಒಳಕ್ಕೆ ಎಳೆಯುತ್ತದೆ, ಅದು ಮೇಲಿನಿಂದ ಗೊತ್ತೂ ಆಗುವುದಿಲ್ಲ.

ಮಾಲ್ವಣ ಮತ್ತು ಗೋವಾ

ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಮಾಲ್ವಣ ನಮಗೆ ಕಾರವಾರ, ಗೋವಾ ದಾಟಿ ಹೋಗುವ ಊರು. ಶಿವಮೊಗ್ಗದಿಂದ ಹೆಚ್ಚೂಕಡಿಮೆ ನಾನೂರು ಕಿಲೋಮೀಟರ್. ಅಲ್ಲಿನ ಬೋಟಿನ ದಾರಿ ಬಹಳ ಚಿಕ್ಕದು. ಶಿವಾಜಿ 1664ರಲ್ಲಿ ಕಟ್ಟಿಸಲು ಶುರುಮಾಡಿದ ಸಿಂಧುದುರ್ಗ ಕೋಟೆ ಕಡಲೊಳಗೇ ನಿಂತಿದೆ. ಅದರ ಸುತ್ತಲಿನ ಬಂಡೆಗಳ ಹತ್ತಿರವೇ ನೀರಿಗೆ ಇಳಿಸುತ್ತಾರೆ. ಈ ಕಡಲ ತುಣುಕು 1987ರಿಂದ ಸಾಗರಜೀವಿ ಅಭಯಾರಣ್ಯ.

ಬೋಟಿನಲ್ಲಿ ವಾಂತಿ ಬರುವವರು ಇದ್ದರೆ ಮಾಲ್ವಣ ಒಳ್ಳೆಯದು. ಆಳವೂ ಕಡಿಮೆ. ನೀರು ಮಾತ್ರ ನೇತ್ರಾಣಿಯಷ್ಟು ತಿಳಿ ಇರುವುದಿಲ್ಲ, ದಂಡೆಗೆ ಅಷ್ಟು ಹತ್ತಿರ ಅಲ್ವಾ. ಬ್ರೆಡ್ ಚೂರು ಹಾಕಿ ಮೀನು ಕರೆಯುವ ಚಾಳಿ ಅಲ್ಲಿ ಜೋರಾಗಿದೆ. ಫೋಟೊದಲ್ಲಿ ಮೀನು ಮುತ್ತಿಕೊಂಡಿದ್ದರೆ ಕಾರಣ ಅದೇ. ಕೋಟೆ ನೋಡಿ, ಸೋಲ್‌ಕಡಿ ಕುಡಿದು, ತಾರ್ಕರ್ಲಿಯ ದಂಡೆಯಲ್ಲಿ ಎರಡು ದಿನ ಕಳೆಯುವ ಮನಸ್ಸಿದ್ದರೆ ಹೋಗಿ. ಬರೀ ಮೀನು ನೋಡಲು ಅಷ್ಟು ದೂರ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಗೋವಾದ ಗ್ರಾಂಡೆ ದ್ವೀಪದ ಟ್ರಿಪ್ ಇನ್ನೊಂದು. ಡಾಲ್ಫಿನ್ ತೋರಿಸ್ತೀವಿ, ಗಾಳ ಹಾಕಿಸ್ತೀವಿ, ಊಟ ಕೊಡ್ತೀವಿ, ಕೊನೆಗೆ ಅರ್ಧ ಗಂಟೆ ಸ್ನಾರ್ಕೆಲಿಂಗ್. ಎಲ್ಲ ಇದೆ, ಯಾವುದೂ ಹೊಟ್ಟೆ ತುಂಬುವಷ್ಟಿಲ್ಲ. ಗೆಳೆಯರ ಗುಂಪಿಗೆ ಮಜಾ. ಗೋವಾಕ್ಕೆ ಬೇರೆ ಕಾರಣಕ್ಕೆ ಹೋಗಿದ್ದರೆ ಮಾಡಿ.

ಲಕ್ಷದ್ವೀಪ: ನೀರಿಗೆ ಹೆದರುವವರಿಗೂ

ಹೆಸರು ಲಕ್ಷ, ಇರುವುದು 36 ದ್ವೀಪ. ಎಲ್ಲ ಸೇರಿದರೂ 32 ಚದರ ಕಿಲೋಮೀಟರ್. ಹವಳವೇ ಬೆಳೆದು ಬಳೆಯ ಹಾಗೆ ಒಂದು ಉಂಗುರ ಆಗಿದೆ. ಉಂಗುರದ ಒಳಗಿನ ನೀರು ಕೊಳದ ಹಾಗೆ ನಿಂತಿರುತ್ತದೆ. ಹೊರಗಿನ ಅಲೆ ಹವಳದ ದಂಡೆಗೆ ಬಡಿದು ಅಲ್ಲೇ ಮುರಿಯುತ್ತದೆ. ಒಳಗೆ ಎದೆಮಟ್ಟದ ನೀರು, ಕೆಳಗೆ ಬಿಳಿ ಮರಳು. ಹೊಳೆ ಅನ್ನುವುದೇ ಆ ದ್ವೀಪಗಳಲ್ಲಿ ಇಲ್ಲ. ಹಾಗಾಗಿ ಕೆನ್ನೀರೂ ಇಲ್ಲ. ನಮ್ಮ ಕರಾವಳಿಗೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಅಗತ್ತಿ ದ್ವೀಪದ ಒಳಗಡಲಿನಲ್ಲಿ ಹಸಿರು ಕಡಲಾಮೆಗಳು ಹುಲ್ಲು ಮೇಯುತ್ತಿರುತ್ತವೆ. ನಿಜವಾಗಿಯೂ ಮೇಯುವುದೇ. ತಳದಲ್ಲಿ ಬೆಳೆಯುವ ಕಡಲ ಹುಲ್ಲನ್ನು ದನ ಮೇಯ್ದ ಹಾಗೆ ಮೇಯ್ದು, ಉಸಿರಿಗೆ ಮೇಲೆ ಬಂದು, ಮತ್ತೆ ಇಳಿಯುತ್ತವೆ. ನನ್ನ ಅತ್ತಿಗೆಗೆ ಈಜು ಬಾರದು, ಹೊಳೆದಂಡೆಯಲ್ಲಿ ಬಟ್ಟೆ ಒಗೆಯಲೂ ಹೆದರುವವರು. ಅವರು ಇಲ್ಲಿ ಜಾಕೆಟ್ ಹಾಕಿ, ಗೈಡ್ ಹುಡುಗನ ಕೈ ಹಿಡಿದು ಅರ್ಧ ಗಂಟೆ ಆಮೆಯ ಮೇಲೆ ತೇಲಿದರು. ಮೇಲೆ ಬಂದ ಮೇಲೆ "ಇನ್ನೊಂದು ಸುತ್ತು" ಎಂದರು. ಅಣ್ಣ ಇನ್ನೂ ನಂಬುವುದಿಲ್ಲ.

ತೊಡಕು ಹೋಗುವುದರಲ್ಲಿದೆ. ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕೇ ಬೇಕು. ಕೊಚ್ಚಿಯಿಂದ ಅಗತ್ತಿಗೆ ವಿಮಾನ ಇದೆ, ಇಲ್ಲವೇ ಹಡಗು. ನಮ್ಮ ಕಡೆಯವರು ಮಂಗಳೂರಿಗೆ ಇಳಿದು ಎರ್ನಾಕುಲಂ ರೈಲು ಹಿಡಿಯಬಹುದು. ಹಡಗಿನಲ್ಲಿ ಒಂದು ರಾತ್ರಿ ಕಳೆಯಬೇಕು, ಅದೇ ಒಂದು ಅನುಭವ. ಕೆಲವು ಹಡಗಿನ ಪ್ಯಾಕೇಜುಗಳಲ್ಲಿ ಹಗಲು ದ್ವೀಪ, ರಾತ್ರಿ ಹಡಗಿನಲ್ಲೇ ನಿದ್ದೆ. ಇದರಲ್ಲಿ ನೀರಿನಲ್ಲಿ ಕಳೆಯುವ ಹೊತ್ತು ಕಮ್ಮಿ. ಸ್ನಾರ್ಕೆಲಿಂಗ್‌ಗೇ ಅಂತ ಹೋಗುವವರು ಕಡಮತ್, ಅಗತ್ತಿ, ಬಂಗಾರಂ ಥರ ಒಂದೇ ದ್ವೀಪದಲ್ಲಿ ಮೂರು ನಾಲ್ಕು ದಿನ ಉಳಿಯುವುದು ಲೇಸು. ಪರವಾನಗಿ, ಟಿಕೆಟ್, ಉಳಿಯುವ ಜಾಗ ಮೂರೂ ಒಟ್ಟಿಗೆ ಕೂಡಿಬರಬೇಕಾದ್ದರಿಂದ ತಿಂಗಳುಗಳ ಮೊದಲೇ ಶುರುಮಾಡಿ. ಅಡಿಕೆ ದರ ನೋಡಿಕೊಂಡು ಕೊನೇ ವಾರ ಹೊರಡುವವರಿಗೆ ಇದು ಆಗಿಬರುವುದಿಲ್ಲ.

ಒಂದು ಬೇಸರದ ವಿಷಯವೂ ಇದೆ. ಹವಳದ ಒಳಗೆ ಕಣ್ಣಿಗೆ ಕಾಣದ ಪಾಚಿ ಬದುಕುತ್ತದೆ. ಹವಳಕ್ಕೆ ಬಣ್ಣವೂ ಅದರಿಂದ, ಊಟವೂ ಹೆಚ್ಚಿನದು ಅದರಿಂದ. ಕಡಲು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಗಿದೆ. ಹಾಗಾಗಿ ಹಳೆಯ ಫೋಟೊದಲ್ಲಿ ಇದ್ದಂಥ ಬಣ್ಣದ ಹವಳ ಎಲ್ಲ ಕಡೆ ಸಿಗುತ್ತದೆ ಎಂದುಕೊಂಡು ಹೋಗಬೇಡಿ. ಮೀನು, ಆಮೆ, ತಿಳಿನೀರಿಗೆ ಕೊರತೆ ಇಲ್ಲ.

ಅಂಡಮಾನ್

ದೂರ ಹೆಚ್ಚು, ಆದರೆ ತಲೆನೋವು ಕಮ್ಮಿ. ತಾಳಗುಪ್ಪದ ರಾತ್ರಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ಎರಡೂವರೆ ಗಂಟೆ ಚಿಲ್ಲರೆ ವಿಮಾನ. ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಬಂದಿದ್ದರೂ ಅಂಡಮಾನ್‌ಗೆ ಬೆಂಗಳೂರೋ ಚೆನ್ನೈಯೋ ಮುಟ್ಟಿಯೇ ಹೋಗಬೇಕು. ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ, ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. ಬುಕ್ ಮಾಡುವಾಗ ಎರಡೂ ಹೆಸರು ಕಾಣುತ್ತವೆ, ಗಲಿಬಿಲಿ ಬೇಡ.

ಮೊದಲ ಸಲದವರಿಗೆ ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚ್. ಜೆಟ್ಟಿಯಿಂದ ಚಿಕ್ಕ ಬೋಟಿನಲ್ಲಿ ಅರ್ಧ ಗಂಟೆಯೂ ಇಲ್ಲ. ಹವಳ ದಂಡೆಯ ಹತ್ತಿರವೇ ಶುರುವಾಗುತ್ತದೆ. ಈಜು ಬಾರದವರಿಗೆ ರಬ್ಬರ್ ಟ್ಯೂಬ್ ಕೊಟ್ಟು, ಗೈಡ್ ಹುಡುಗರು ಎಳೆದುಕೊಂಡು ಹೋಗಿ ತೋರಿಸುತ್ತಾರೆ. ಇದೇ ಅದರ ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಜನ ವಿಪರೀತ. ಹತ್ತು ನಿಮಿಷಕ್ಕೆ "ಆಯ್ತು ಸರ್" ಎಂದು ಹಿಂದಕ್ಕೆ ತಿರುಗಿಸುತ್ತಾರೆ. ಎಷ್ಟು ನಿಮಿಷ ನೀರಿನಲ್ಲಿ ಇರಬಹುದು ಎಂದು ಮೊದಲೇ ಕೇಳಿ, ಇನ್ನಷ್ಟು ದುಡ್ಡು ಕೊಟ್ಟಾದರೂ ಉದ್ದದ ಸುತ್ತು ಮಾಡಿಸಿ. ಬೆಳಗಿನ ಮೊದಲ ಬೋಟಿಗೆ ಹೋಗಿ. ಅಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲೆ ಕವಿಯುತ್ತದೆ ಎಂಬುದೂ ನೆನಪಿರಲಿ.

ಶ್ರೀ ವಿಜಯಪುರಂ ಹತ್ತಿರದ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ 1983ರದ್ದು. ಅದರೊಳಗಿನ ಜಾಲಿ ಬಾಯ್ ದ್ವೀಪ ನನಗೆ ಎಲಿಫೆಂಟ್ ಬೀಚಿಗಿಂತ ಇಷ್ಟ. ಅಲ್ಲಿ ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ, ಅನುಮತಿ ಪಡೆದೇ ಹೋಗಬೇಕು, ಅದಕ್ಕೇ ಗದ್ದಲ ಕಮ್ಮಿ. ನೀರಿಗೇ ಇಳಿಯದ ಅಜ್ಜಿಗೂ ಗಾಜಿನ ತಳದ ದೋಣಿ ಇದೆ. ಕಾಲು ಒದ್ದೆಯಾಗದೆ ಹವಳ ನೋಡಬಹುದು.

ಅಂಡಮಾನಿನಲ್ಲಿ ಮಕ್ಕಳು ಹುಡುಕುವುದು ಕೇಸರಿ ಬಿಳಿ ಪಟ್ಟೆಯ ಕೋಡಂಗಿ ಮೀನು. ಅದು ಕಡಲ ಹೂವಿನಂಥ ಅನಿಮೋನಿಯ ಕುಟುಕುವ ಎಳೆಗಳ ನಡುವೆಯೇ ಮನೆ ಮಾಡಿರುತ್ತದೆ. ಒಂದು ಮನೆಯಲ್ಲಿ ಯಜಮಾನಿಕೆ ಹೆಣ್ಣಿನದು. ಹೆಣ್ಣು ಸತ್ತರೆ ಅದರ ಗಂಡನೇ ಹೆಣ್ಣಾಗಿ ಬದಲಾಗಿ ಮನೆ ನಡೆಸುತ್ತದೆ. ದೊಡ್ಡ ಕಪ್ಪೆಚಿಪ್ಪುಗಳೂ ಇಲ್ಲಿವೆ. ನೆರಳು ಬಿದ್ದರೆ ಸಾಕು, ನೀಲಿ ತುಟಿ ಒಳಗೆಳೆದುಕೊಳ್ಳುತ್ತವೆ.

ಸ್ಕೂಬಾ ಮಾಡುವ ಯೋಚನೆ ಇದ್ದರೆ ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಇಳಿದು ಬಂದ ಮೇಲೆ ವಿಮಾನ ಹತ್ತಲು 18ರಿಂದ 24 ಗಂಟೆ ಬಿಡುವು ಬೇಕು. ಬರೀ ಮೇಲೆ ತೇಲಿದವರಿಗೆ ಈ ಕಟ್ಟುಪಾಡಿಲ್ಲ.

ಹಾಗಾದರೆ ಯಾರು ಎಲ್ಲಿಗೆ?

ಎರಡೇ ದಿನ ಬಿಡುವು, ಜನವರಿಯಿಂದ ಮಾರ್ಚ್, ಎಲ್ಲರೂ ಗಟ್ಟಿಮುಟ್ಟು ಎಂದರೆ ಕಣ್ಣುಮುಚ್ಚಿ ನೇತ್ರಾಣಿ. ಹತ್ತು ವರ್ಷದೊಳಗಿನ ಮಕ್ಕಳೂ ವಯಸ್ಸಾದವರೂ ಜೊತೆಗಿದ್ದು, ಐದಾರು ದಿನ ತೋಟ ನೋಡಿಕೊಳ್ಳಲು ಯಾರಾದರೂ ಸಿಕ್ಕಿದರೆ ಅಂಡಮಾನ್. ನೀರಿನಲ್ಲೇ ದಿನಗಟ್ಟಲೆ ಬಿದ್ದಿರುವ ಹುಚ್ಚು ಇದ್ದು, ಕಾಯುವ ತಾಳ್ಮೆಯೂ ಇದ್ದರೆ ಲಕ್ಷದ್ವೀಪ. ಹೊಸದಾಗಿ ಮದುವೆಯಾದವರು ನನ್ನನ್ನು ಕೇಳಿದರೂ ಇದನ್ನೇ ಹೇಳುತ್ತೇನೆ. ಅಕ್ಟೋಬರ್ ರಜೆಯೇ ಗತಿ ಎನ್ನುವವರು ನಮ್ಮ ಕರಾವಳಿಯ ಆಸೆ ಬಿಟ್ಟು, ಆ ದುಡ್ಡನ್ನು ಮಾರ್ಚ್‌ವರೆಗೆ ಎತ್ತಿಡಿ.

ನೀರಿಗೆ ಇಳಿಯುವುದೇ ಬೇಡ, ಬೋಟಿನಲ್ಲಿ ಒಂದು ಸುತ್ತು ಸಾಕು ಎನ್ನುವವರಿಗೆ ಆಗುಂಬೆ ಇಳಿದು ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪ. ಲಾವಾ ತಣ್ಣಗಾಗಿ ನಿಂತ ಕಲ್ಲಿನ ಕಂಬಗಳು ಚೆಂದ. ಮೀನು ನೋಡುವ ಜಾಗ ಅದಲ್ಲ.

ಫೋನು ಮಾಡಿ ಕೇಳಬೇಕಾದ್ದು

ದರ ಕೇಳುವ ಮೊದಲು, ನಿನ್ನೆ ನೀರು ಎಷ್ಟು ಮೀಟರ್ ಕಾಣುತ್ತಿತ್ತು ಅಂತ ಕೇಳಿ. "ಚೆನ್ನಾಗಿದೆ" ಎಂಬುದು ಉತ್ತರ ಅಲ್ಲ. ಸಂಖ್ಯೆ ಹೇಳಲಿ. ನೇತ್ರಾಣಿಯಲ್ಲಿ ಹತ್ತು ಮೀಟರ್ ಎಂದರೆ ಒಳ್ಳೆಯ ದಿನ. ನಿನ್ನೆಯ ವಿಡಿಯೊ ವಾಟ್ಸಾಪ್ ಮಾಡಿ ಎಂದರೆ ಪ್ರಾಮಾಣಿಕರು ಕಳಿಸುತ್ತಾರೆ. ಆಮೇಲೆ, ಒಬ್ಬ ಗೈಡಿಗೆ ಎಷ್ಟು ಜನ? ನಾಲ್ಕಕ್ಕಿಂತ ಜಾಸ್ತಿ ಆದರೆ ನನಗೆ ಹಿಡಿಸುವುದಿಲ್ಲ. ಮಕ್ಕಳ ಅಳತೆಯ ಮಾಸ್ಕ್, ಜಾಕೆಟ್ ಇದೆಯಾ? ಗಾಳಿ ಎದ್ದು ಟ್ರಿಪ್ ನಿಂತರೆ ದುಡ್ಡು ವಾಪಸ್ಸಾ, ಇನ್ನೊಂದು ದಿನ ಕೊಡ್ತೀರಾ? ಫೋಟೊ, ವಿಡಿಯೊ ದರದಲ್ಲಿ ಸೇರಿದೆಯಾ? ಇದನ್ನು ದಂಡೆಯಲ್ಲಿ ನಿಂತು ಕೇಳಿದರೆ ಚೌಕಾಶಿಗೆ ಜಾಗ ಇರುವುದಿಲ್ಲ.

ಹೊತ್ತು ಯಾವಾಗಲೂ ಬೆಳಗಿನದ್ದೇ ಆರಿಸಿ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಗಾಳಿ ಏಳುತ್ತದೆ, ಅಲೆ ಹೆಚ್ಚುತ್ತದೆ.

ಹೊರಡುವ ಮೊದಲು ಶಿವಮೊಗ್ಗದ ಯಾವುದಾದರೂ ಈಜುಕೊಳದಲ್ಲಿ ಮಾಸ್ಕ್ ಹಾಕಿ ಬಾಯಲ್ಲಿ ಉಸಿರಾಡುವುದನ್ನು ಎರಡು ದಿನ ಅಭ್ಯಾಸ ಮಾಡಿ. ಮೂಗಿನಿಂದ ಉಸಿರೆಳೆಯುವ ಚಟ ಬಿಡುವುದೇ ಕಷ್ಟ. ಸಾಗರದ ಹತ್ತಿರ ಹೊನ್ನೆಮರಡಿನ ಹಿನ್ನೀರಿನಲ್ಲಿ ಜಾಕೆಟ್ ಹಾಕಿ ತೇಲಿ ಅಭ್ಯಾಸ ಇದ್ದವರು ಕಡಲಿನಲ್ಲಿ ಗಾಬರಿಯಾಗುವುದು ಕಮ್ಮಿ. ಮಾಸ್ಕಿನ ಗಾಜು ಮಬ್ಬಾಗದಿರಲು ಒಳಗೆ ಉಗುಳಿ ತಿಕ್ಕಿ ತೊಳೆಯಬೇಕು. ಅಸಹ್ಯ ಪಡಬೇಡಿ, ಎಲ್ಲರೂ ಮಾಡುವುದು ಅದನ್ನೇ.

ಮೀಸೆ ಇರುವವರಿಗೆ ಒಂದು ಕೆಟ್ಟ ಸುದ್ದಿ. ಮೀಸೆಯ ಕೂದಲ ಸಂದಿಯಿಂದ ಮಾಸ್ಕಿನೊಳಗೆ ನೀರು ನುಗ್ಗುತ್ತದೆ. ನಮ್ಮ ಭಾವನದು ಊರಿಗೇ ಹೆಸರಾದ ಮೀಸೆ. ಗೈಡ್ ಹುಡುಗ ವ್ಯಾಸಲೀನ್ ಹಚ್ಚಿಕೊಳ್ಳಿ ಎಂದ. ಹಚ್ಚಿಕೊಂಡ ಮೇಲೆ ಸ್ವಲ್ಪ ನಿಂತಿತು, ಪೂರ್ತಿ ನಿಲ್ಲಲಿಲ್ಲ. ಮೀಸೆ ತೆಗೆಯಿರಿ ಎಂದು ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಬೋಟಿನ ದಿನ ಬೆಳಿಗ್ಗೆ ಎರಡು ಇಡ್ಲಿ ಸಾಕು. ತುಪ್ಪ ಸುರಿದ ರೊಟ್ಟಿಯೂ ಬೇಡ, ಖಾಲಿ ಹೊಟ್ಟೆಯೂ ಬೇಡ. ವಾಂತಿಯ ಮಾತ್ರೆ ಡಾಕ್ಟರನ್ನು ಕೇಳಿ ತಂದಿದ್ದರೆ ಬೋಟು ಹತ್ತಿದ ಮೇಲೆ ನುಂಗಿ ಪ್ರಯೋಜನವಿಲ್ಲ, ಅರ್ಧ ಮುಕ್ಕಾಲು ಗಂಟೆ ಮೊದಲೇ ನುಂಗಬೇಕು. ಬೋಟಿನಲ್ಲಿ ಮೊಬೈಲ್ ನೋಡದೆ ದೂರದ ಕಡಲಿನ ಅಂಚು ನೋಡುತ್ತಾ ಕೂರಿ. ತುಂಬುತೋಳಿನ ಅಂಗಿ ಹಾಕಿಕೊಂಡೇ ನೀರಿಗೆ ಇಳಿಯಿರಿ. ಕೆಲವು ಸನ್‌ಸ್ಕ್ರೀನ್ ಕ್ರೀಮು ಹವಳಕ್ಕೆ ಒಳ್ಳೆಯದಲ್ಲ, ಅಂಗಿಗೆ ಆ ದೋಷ ಇಲ್ಲ. ಬೆನ್ನು ಸುಟ್ಟುಕೊಂಡು ಮೂರು ರಾತ್ರಿ ಬೋರಲು ಮಲಗಿದವನ ಮಾತು ಇದು.

ಮೀನಿಗೆ ಮಂಡಕ್ಕಿ ಬೇಡ

ಶೃಂಗೇರಿಗೆ ಹೋದರೆ ತುಂಗೆಯ ಮೀನಿಗೆ ಮಂಡಕ್ಕಿ ಹಾಕುತ್ತೇವೆ. ತೀರ್ಥಹಳ್ಳಿಯ ಹತ್ತಿರ ಚಿಬ್ಬಲಗುಡ್ಡೆಯಲ್ಲೂ ಅಷ್ಟೇ. ಅದು ದೇವರ ಮೀನು, ನಮ್ಮ ರೂಢಿ. ಅದೇ ಕೈ ಕಡಲಿನಲ್ಲೂ ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತದೆ. ಅಲ್ಲಿ ಮೀನಿಗೆ ಅದರದ್ದೇ ಕೆಲಸ ಇದೆ. ಹವಳದ ಮೇಲೆ ಪಾಚಿ ಮುಚ್ಚದ ಹಾಗೆ ತಿಂದು ಸ್ವಚ್ಛ ಇಡುವುದು ಅವೇ. ಬ್ರೆಡ್ಡಿಗೆ ಒಗ್ಗಿದ ಮೀನು ಆ ಕೆಲಸ ಬಿಡುತ್ತದೆ, ಕೈಬೆರಳಿಗೂ ಬಾಯಿ ಹಾಕುತ್ತದೆ.

ಹವಳದ ಮೇಲೆ ನಿಲ್ಲಬೇಡಿ. ಕಲ್ಲಿನ ಹಾಗೆ ಕಂಡರೂ ಅದು ಜೀವ, ವರ್ಷಕ್ಕೆ ಬೆಳೆಯುವುದು ಕೆಲವೇ ಸೆಂಟಿಮೀಟರ್. ನಿಮ್ಮ ಕಾಲಿಗೂ ಒಳ್ಳೆಯದಲ್ಲ, ಹವಳ ಗೀರಿದ ಗಾಯ ಬೇಗ ಮಾಯುವುದಿಲ್ಲ. ಕಪ್ಪು ಮುಳ್ಳಿನ ಉಂಡೆಯಂಥ ಸೀ ಅರ್ಚಿನ್ ಮೇಲೆ ಕಾಲಿಟ್ಟರೆ ಮುಳ್ಳು ಒಳಗೇ ಮುರಿಯುತ್ತದೆ. ಜೆಲ್ಲಿ ಮೀನು ತಾಗಿದರೆ ಮರಳು ಹಾಕಿ ಉಜ್ಜಬೇಡಿ, ಸಿಹಿನೀರೂ ಬೇಡ, ಕಡಲ ನೀರಲ್ಲೇ ತೊಳೆದು ಗೈಡಿಗೆ ತೋರಿಸಿ.

ದಂಡೆಯಲ್ಲಿ ಬಿದ್ದ ಹವಳದ ತುಂಡನ್ನೂ ಎತ್ತಿಕೊಂಡು ಬರುವ ಹಾಗಿಲ್ಲ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಅಂಡಮಾನಿನ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿ ನೋಡುತ್ತಾರೆ. ನನ್ನ ಮುಂದಿನ ಸಾಲಿನಲ್ಲಿದ್ದ ದಂಪತಿಯ ಚೀಲದಿಂದ, ದೇವರ ಮನೆಯಲ್ಲಿ ಇಡಲು ತಂದಿದ್ದ ಒಂದು ಬೊಗಸೆ ಬಿಳಿ ಹವಳದ ಚೂರು ಹೊರಗೆ ಬಂತು. ವಿಚಾರಣೆ ಮುಗಿಯುವಷ್ಟರಲ್ಲಿ ನಮ್ಮ ವಿಮಾನಕ್ಕೆ ಕೊನೆಯ ಕರೆ ಕೂಗುತ್ತಿದ್ದರು.